ಮೂರು ದನಿಯ ಬಸ್ ಸ್ಟ್ಯಾಂಡು

ನಮ್ಮ ಊರಿನಲ್ಲಿ ಒಂದು ಹೊತ್ತಿಗೆ ಮೂರು ಸದ್ದು ಮಾತ್ರ ಕೇಳಿಸುತ್ತವೆ. ನಾಲ್ಕನೆಯದು ಹುಟ್ಟಿದರೆ ಮೂರರಲ್ಲಿ ಯಾವುದು ಹಳೆಯದೋ ಅದು ಅಡಗುತ್ತದೆ. ಜಾಗ ಖಾಲಿಯಾದರೆ ಮತ್ತೆ ಬರುತ್ತದೆ. ಇದರಿಂದ ನಮಗೆ ಯಾವತ್ತೂ ತೊಂದರೆ ಆಗಿರಲಿಲ್ಲ. ತರಕಾರಿ ಮಾರುವವರು ಬೀದಿಗೆ ಸರದಿಯ ಮೇಲೆ ಬರುತ್ತಾರೆ. ಶಾಲೆಯ ಮಕ್ಕಳು ಮಗ್ಗಿಯನ್ನು ಒಂದೇ ಕೊರಳಿನಲ್ಲಿ ಹೇಳುತ್ತಾರೆ, ಏಕೆಂದರೆ ನೂರು ಜನ ಒಂದೇ ಮಾತನ್ನು ಒಂದೇ ಸಲಕ್ಕೆ ಹೇಳಿದರೆ ಅದು ಒಂದೇ ಸದ್ದು. ಮದುವೆಗಳಲ್ಲಿ ಓಲಗಕ್ಕೊಂದು, ಡೋಲಿಗೊಂದು, ಮಂತ್ರ ಹೇಳುವವರಿಗೊಂದು ಜಾಗ ಕೊಟ್ಟ ಮೇಲೆ ಬಂದವರೆಲ್ಲ ಕೈಸನ್ನೆಯಲ್ಲೇ ಕ್ಷೇಮ ವಿಚಾರಿಸಿ ಊಟಕ್ಕೆ ಕೂರುತ್ತಾರೆ. ಮಾತನ್ನು ಚಿಕ್ಕದಾಗಿ ಆಡುವುದು ನಮಗೆ ತೊಟ್ಟಿಲಿನಲ್ಲೇ ಬರುತ್ತದೆ. ನಾಲ್ಕು ಪದ, ಒಂದು ಉಸಿರು, ಮತ್ತೆ ನಾಲ್ಕು ಪದ. ಉಸಿರೆಳೆದು ಮತ್ತೆ ಸುರು ಮಾಡಿದರೆ ನಮ್ಮ ದನಿ ಹೊಸದಾಗುತ್ತದೆ, ಅಡಗುವ ಸರದಿ ಬೇರೆ ಯಾವುದಕ್ಕೋ ಹೋಗುತ್ತದೆ.

ನಾನು ವನಮಾಲ. ಅಣ್ಣ ಉಮಾಪತಿ ಮತ್ತು ನಾನು ಸೇರಿ ಹಿಟ್ಟಿನ ಗಿರಣಿ ನಡೆಸುತ್ತೇವೆ. ಗಿರಣಿ ಓಡುತ್ತಿದ್ದರೆ, ಕಲ್ಲಿನ ಒಂದೊಂದು ಸುತ್ತೂ ಹೊಸ ಸದ್ದಾದ್ದರಿಂದ, ಇಡೀ ಬೀದಿಯ ಮೂರು ಜಾಗದಲ್ಲಿ ಒಂದು ನಮ್ಮದೇ ಆಗಿಬಿಡುತ್ತದೆ. ಆದ್ದರಿಂದ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಮಾತ್ರ ಓಡಿಸಬೇಕೆಂದು ಅಪ್ಪನ ಕಾಲದಿಂದ ಕಟ್ಟಳೆ. ಹನ್ನೊಂದಕ್ಕೆ ಗಿರಣಿ ನಿಲ್ಲಿಸಿ, ತಲೆಗೂದಲಿಗೆ ಕೂತ ಹಿಟ್ಟು ಕೊಡವಿಕೊಂಡು, ಕೈಕಾಲು ತೊಳೆದು ನಾನು ಹಿಂದಿನ ಕೋಣೆಗೆ ಹೋಗುತ್ತೇನೆ. ಅಲ್ಲಿ ನನ್ನ ಕಂಪ್ಯೂಟರ್ ಇದೆ.

ಈಗಿನವರು ಅದನ್ನು ಕಂಪ್ಯೂಟರ್ ಎಂದರೆ ನಗಬಹುದು. ದಪ್ಪ ಪುಸ್ತಕದಷ್ಟು ದೊಡ್ಡ ಕಪ್ಪು ಪೆಟ್ಟಿಗೆ, ಮೇಲೆ ರಬ್ಬರಿನ ಕೀಗಳು, ಟೀವಿಗೆ ಒಂದು ವೈರು, ಟೇಪ್ ರೆಕಾರ್ಡರಿಗೆ ಒಂದು ವೈರು. ನಲವತ್ತು ವರ್ಷದ ಹಿಂದೆ ಫಿಲೋಮಿನಾ ಟೀಚರ್ ತಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆಂದು ಇಂಥವು ಆರು ತರಿಸಿದ್ದರು, ಇದು ಅವುಗಳಲ್ಲೊಂದು. ನಮ್ಮ ಊರಿನಲ್ಲಿ ಟೈಪಿಂಗ್ ಕಲಿಸುವುದು ಸುಲಭದ ಕೆಲಸವಲ್ಲ. ಇಪ್ಪತ್ತು ಮಷೀನುಗಳನ್ನು ಮನಸ್ಸಿಗೆ ಬಂದಂತೆ ಕುಟ್ಟಿದರೆ ಯಾರು ಕುಟ್ಟಿದ್ದು, ಯಾರು ಸುಮ್ಮನೆ ಕೂತದ್ದು ಎಂದು ಗೊತ್ತಾಗುವುದಿಲ್ಲ. ಟೀಚರ್ ಕೋಲಿನಿಂದ ಮೇಜಿಗೆ ತಟ್ಟಿ ಎಲ್ಲರಿಂದಲೂ ಒಂದೇ ಅಕ್ಷರವನ್ನು ಒಂದೇ ಏಟಿಗೆ ಹೊಡೆಸುತ್ತಿದ್ದರು. ಅವರ ಹತ್ತಿರ ಕಲಿತವರು ಎಲ್ಲೇ ಟೈಪ್ ಮಾಡಲು ಕೂತರೂ ಇಂದಿಗೂ ಮೊದಲು ಪಕ್ಕದವರ ಬೆರಳು ನೋಡುತ್ತಾರೆ. ಟೈಪಿಂಗ್ ಕಲಿಯುವವರು ಕಡಿಮೆಯಾಗುತ್ತ ಬಂದ ಮೇಲೆ ಟೀಚರ್ ಆ ಪೆಟ್ಟಿಗೆಗಳಿಗೆ ಆಟ ಬರೆಯುವುದನ್ನು ಹಿಡಿದರು. ಮೊದಲಿನದು ಹನ್ನೊಂದು ಮರಿಗಳನ್ನು ಹುಡುಕುವ ಕೋಳಿಯ ಆಟ. ನಾನು ಆಗ ಹತ್ತೊಂಬತ್ತರವಳು, ಅವರ ಕೊನೆಯ ಬ್ಯಾಚು. ಮೇಜಿನ ಮೇಲೆ ಬೆರಳಿನಲ್ಲಿ ತಾಳ ಹಾಕುತ್ತ ಕೂತಿದ್ದವಳನ್ನು ಅವರು ಕರೆದು ಕೋಳಿ ತೋರಿಸಿದರು.

"ಆಟ ಇದೆ. ಹಾಡಿಲ್ಲ. ನೀನು ಮಾಡು."

"ನಂಗೆ ಬರಲ್ಲ ಟೀಚರ್."

"ಇದಕ್ಕೂ ಮೂರೇ ದನಿ. ಬರುತ್ತೆ."

ನಿಜವೇ ಆಗಿತ್ತು. ಆ ಪೆಟ್ಟಿಗೆಯೊಳಗಿನ ದನಿಯ ಚಿಪ್ಪಿಗೆ ಒಂದು ಹೊತ್ತಿಗೆ ಮೂರು ಸದ್ದು ಮಾಡಲು ಮಾತ್ರ ಬರುತ್ತಿತ್ತು. ಒಂದಕ್ಕೆ ರಾಗ, ಒಂದಕ್ಕೆ ಕೆಳಗಿನ ಶ್ರುತಿ, ಒಂದಕ್ಕೆ ತಾಳ. ಚೌಕದ ಗೆರೆಯ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಎಳೆದು, ಒಂದೊಂದು ಸ್ವರಕ್ಕೆ ಒಂದೊಂದು ಅಂಕಿ ಬರೆದು, ಆ ಅಂಕಿಗಳನ್ನು ಒಳಗೆ ಹಾಕಬೇಕು. ಕೋಳಿ ಹಾರಿದರೆ ಹಾರಿದ ಸದ್ದಿಗೆ ಜಾಗ ಬೇಕು. ಆಗ ತಾಳ ಒಂದು ಗಳಿಗೆ ಬಿಟ್ಟುಕೊಡುತ್ತದೆ. ಇದನ್ನೆಲ್ಲ ಯಾರೂ ನನಗೆ ಬಿಡಿಸಿ ಹೇಳಬೇಕಾಗಲಿಲ್ಲ. ಹದಿನೈದು ವರ್ಷದಲ್ಲಿ ಟೀಚರ್ ಹನ್ನೆರಡು ಆಟ ಬರೆದರು, ಹನ್ನೆರಡಕ್ಕೂ ನಾನು ಹಾಡು ಕಟ್ಟಿದೆ. ಭಾನುವಾರ ಮಧ್ಯಾಹ್ನ ಊರಿನವರು ಇನ್‌ಸ್ಟಿಟ್ಯೂಟಿಗೆ ಬಂದು, ಫ್ಯಾನು ಆರಿಸಿ, ಚಪ್ಪಲಿ ಹೊರಗೆ ಬಿಟ್ಟು, ಒಬ್ಬರಾದ ಮೇಲೆ ಒಬ್ಬರು ಆಡುತ್ತಿದ್ದರು. ರಬ್ಬರಿನ ಕೀಗಳಾದ್ದರಿಂದ ಆಡುವವರ ಬೆರಳು ಸದ್ದು ಮಾಡುತ್ತಿರಲಿಲ್ಲ, ಮೂರೂ ಜಾಗ ಹಾಡಿಗೇ ಸಿಗುತ್ತಿತ್ತು.

ಹದಿಮೂರನೆಯ ಆಟ ಸುರುವಾದ ವರ್ಷವೇ ಅಣ್ಣನ ಮದುವೆಯಾಯಿತು.

ಅಣ್ಣ ಜರಡಿ ತರಲು ಆರು ತಾಸು ದೂರದ ಒಂದು ಪೇಟೆಗೆ ವರ್ಷಕ್ಕೆರಡು ಸಲ ಹೋಗುತ್ತಿದ್ದ. ಅಲ್ಲಿನ ಬಸ್ ಸ್ಟ್ಯಾಂಡಿನ ಎದುರಿಗೆ ಚನ್ನವೀರಪ್ಪನವರ ಹೋಟೆಲು. ಅವರ ಮಗಳು ನೀಲಾಂಬಿಕೆ ಅಪ್ಪನ ಗಲ್ಲಾ ಪಕ್ಕ ನಿಂತು ಗಿರಾಕಿಗಳ ಜೊತೆ ಮಾತಾಡುವುದನ್ನು ನೋಡುತ್ತ ಅಣ್ಣ ಒಮ್ಮೆ ಮೂರು ಬಸ್ಸು ಬಿಟ್ಟನಂತೆ. "ಎಷ್ಟು ಉದ್ದ ಮಾತಾಡ್ತಾಳೆ," ಎಂದು ಮನೆಗೆ ಬಂದು ನನ್ನ ಹತ್ತಿರ ಹೇಳಿದ. "ನಿಲ್ಲೋದೇ ಇಲ್ಲ. ಹೊಳೆ ಇದ್ದ ಹಾಗೆ." ಅಣ್ಣ ಅಷ್ಟು ಮಾತಾಡಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಮದುವೆ ಅವರ ಪೇಟೆಯಲ್ಲೇ ಆಯಿತು. ನಮ್ಮ ಕಡೆಯವರು ಕಲ್ಯಾಣ ಮಂಟಪದ ಒಂದು ಮೂಲೆ ಹಿಡಿದು ಒಬ್ಬರಿಗೊಬ್ಬರು ಅಂಟಿಕೊಂಡು ಕೂತರು. ಹೊಸ ಜಾಗಕ್ಕೆ ಹೋದರೆ ನಮ್ಮವರು ಬೆರಳು ಮಡಚಿ ಸದ್ದು ಎಣಿಸುತ್ತಾರೆ, ಅದು ಅಭ್ಯಾಸ. ಅವ್ವ ಹತ್ತು ಬೆರಳೂ ಮಡಚಿ ಮುಗಿಸಿ ನನ್ನ ಕೈ ತೆಗೆದುಕೊಂಡಳು. ನನ್ನ ಕಿವಿಯ ಹತ್ತಿರ ಬಾಯಿಟ್ಟು, "ಎಲ್ಲರೂ ಒಟ್ಟಿಗೆ ಕೂಗ್ತಾರಲ್ಲ. ಇವರಿಗೆ ಸರದಿ ಇಲ್ವಾ?" ಎಂದಳು. ನನಗೂ ಮದುವೆಯ ಬ್ಯಾಂಡಿನಲ್ಲಿ ರಾಗ ಎಲ್ಲಿದೆ ಎಂದೇ ತಲೆಗೆ ಹತ್ತಲಿಲ್ಲ.

ಅತ್ತಿಗೆ ನಮ್ಮ ಮನೆಗೆ ಬಂದರು. ನನಗಿಂತ ಐದು ವರ್ಷ ಚಿಕ್ಕವರು, ಚುರುಕು, ಕೈಗೆ ಏನು ಸಿಕ್ಕರೂ ಅದನ್ನು ಅಚ್ಚುಕಟ್ಟಾಗಿ ಮಾಡುವವರು. ಆದರೆ ಉದ್ದ ಮಾತಿನವರು. ಬಂದ ಮೂರನೆಯ ದಿನ ಅಡುಗೆಮನೆಯಲ್ಲಿ ಅವ್ವನಿಗೆ ಹೇಳುತ್ತಿದ್ದರು: "ಅತ್ತೆ, ನಮ್ಮನೇಲಿ ಸಾರಿಗೆ ಬೆಲ್ಲ ಕುದಿಯೋವಾಗ ಹಾಕಲ್ಲ, ಕುದ್ದು ಇಳಿಸಿದ ಮೇಲೆ ಹಾಕ್ತೀವಿ, ಯಾಕಂದ್ರೆ ನಮ್ಮಪ್ಪ ಏನು ಹೇಳ್ತಾರೆ ಅಂದ್ರೆ ಈ ಬೆಲ್ಲ ಅನ್ನೋದು..." ಅಷ್ಟರಲ್ಲಿ ಹೊರಗೆ ಗಿರಣಿ, ಒಲೆಯ ಮೇಲೆ ಚಟಪಟ ಸಿಡಿಯುವ ಒಗ್ಗರಣೆ ಇದ್ದವು, ಕುಕ್ಕರ್ ಕೂಗಿತು. ಅತ್ತಿಗೆಯ ತುಟಿ ಆಡುತ್ತಿತ್ತು, ಕೈ ಆಡುತ್ತಿತ್ತು, ಸದ್ದಿರಲಿಲ್ಲ. ಅವ್ವ ಮರ್ಯಾದೆಯಿಂದ ಕಾದಳು. ಕುಕ್ಕರ್ ನಿಂತಾಗ ಅತ್ತಿಗೆಯ ಮಾತೂ ಮುಗಿದಿತ್ತು. ಬೆಲ್ಲವನ್ನು ಯಾಕೆ ಆಮೇಲೆ ಹಾಕಬೇಕು ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಹೀಗೆ ದಿನಕ್ಕೆ ಹತ್ತು ಸಲ ಆಗುತ್ತಿತ್ತು. "ಚಿಕ್ಕದಾಗಿ ಹೇಳಮ್ಮ," ಎಂದು ಅವ್ವ ಅಕ್ಕರೆಯಿಂದಲೇ ಹೇಳುತ್ತಿದ್ದಳು. ಅತ್ತಿಗೆ ಪ್ರಯತ್ನಿಸಿದರು. ನಾಲ್ಕು ಪದ ಆಡಿ ನಿಲ್ಲುವಷ್ಟರಲ್ಲಿ ಐದನೆಯದು ತಾನೇ ಹೊರಗೆ ಬರುತ್ತಿತ್ತು. ಕ್ರಮೇಣ ಅವರು ಮಾತಾಡುವುದನ್ನೇ ಕಡಿಮೆ ಮಾಡಿದರು. ಯಾರ ಮಾತು ಕೇಳಿ ಅಣ್ಣ ಬಸ್ಸು ಬಿಟ್ಟಿದ್ದನೋ ಅವರು ನಮ್ಮೆಲ್ಲರಿಗಿಂತ ಸುಮ್ಮನಾದರು. ಅಣ್ಣ ಗಿರಣಿಯ ಬಾಗಿಲಲ್ಲಿ ನಿಂತು ಒಳಗೆ ನೋಡುವುದು, ಮತ್ತೆ ಹೊರಗೆ ನೋಡುವುದು ಮಾಡುತ್ತಿದ್ದ.

ಒಂದು ಮಧ್ಯಾಹ್ನ ಅತ್ತಿಗೆ ನನ್ನ ಕೋಣೆಗೆ ಬಂದರು. ನಾನು ಹದಿಮೂರನೆಯ ಆಟದ ಹಾಡಿನಲ್ಲಿದ್ದೆ. ಆಟದ ಹೆಸರು 'ಮೋಡ ಬರೋದ್ರೊಳಗೆ'. ನಾಗಮ್ಮ ಎಂಬ ಹೆಂಗಸು ಮಹಡಿಯಿಂದ ಮಹಡಿಗೆ ಹಾರುತ್ತ, ಕಾಗೆ ಕೋತಿಗಳನ್ನು ತಪ್ಪಿಸುತ್ತ, ಒಣಹಾಕಿದ ಬಟ್ಟೆಗಳನ್ನೆಲ್ಲ ಮಳೆ ಬೀಳುವ ಮುಂಚೆ ಎತ್ತಿಕೊಳ್ಳಬೇಕು. ಎಡಗಡೆಯಿಂದ ಮೋಡ ಮೆಲ್ಲಗೆ ಬರುತ್ತಿರುತ್ತದೆ. ಅತ್ತಿಗೆ ಬಾಗಿಲ ಚೌಕಟ್ಟಿಗೆ ಒರಗಿ ಹಾಡು ಪೂರ್ತಿ ಕೇಳಿದರು.

"ಇದ್ಯಾಕೆ ಇಷ್ಟು ಬಡಕಲಾಗಿದೆ?" ಎಂದರು.

ಹದಿನೈದು ವರ್ಷದಲ್ಲಿ ಯಾರೂ ಹಾಗೆ ಹೇಳಿರಲಿಲ್ಲ. "ಮೂರೂ ದನಿ ಇವೆ ಅತ್ತಿಗೆ. ಎಣಿಸಿ ನೋಡಿ."

"ಎಣಿಸೋಕಾಗೋದೇ ತಪ್ಪು," ಎಂದು ಅವರು ನೆಲದ ಮೇಲೆ ಕೂತರು. ನಾನು ಟೀವಿ ಆರಿಸಿದೆ. ಗಿರಣಿ ನಿಂತಿತ್ತು, ಅವ್ವ ಮಲಗಿದ್ದಳು, ಬೀದಿ ಖಾಲಿ. ಆ ಕೋಣೆಯಲ್ಲಿ ಅವರ ಮಾತಿಗೆ ಅಡ್ಡ ಬರುವ ಸದ್ದು ಯಾವುದೂ ಇರಲಿಲ್ಲ. ಅವರು ಮಾತಾಡಿದರು. "ನಮ್ಮ ಹೋಟೆಲಲ್ಲಿ ಬೆಳಿಗ್ಗೆ ಆರಕ್ಕೆ ಬಂದು ಕೂತ್ಕೊಳ್ಳಿ ಒಂದ್ಸಲ, ಈ ಕಡೆ ಕಂಡಕ್ಟರ್ ಸೀಟಿ ಊದ್ತಾ ಇರ್ತಾನೆ, ಆ ಕಡೆ ಸೌತೆಕಾಯಿ ಮಾರೋಳು ಕೂಗ್ತಾ ಇರ್ತಾಳೆ, ಡ್ರೈವರು ಬಸ್ಸು ರಿವರ್ಸ್ ತಗೋವಾಗ ಹಿಂದಿಂದ ಒಬ್ಬ ಬರ್ಲಿ ಬರ್ಲಿ ಅಂತ ಬಸ್ಸಿಗೆ ತಟ್ತಾ ಇರ್ತಾನೆ, ಒಳಗೆ ಲೋಟ ತೊಳೆಯೋ ಸದ್ದು, ದೋಸೆ ಹೆಂಚಿಗೆ ನೀರು ಚಿಮುಕಿಸೋ ಸದ್ದು, ಇದೆಲ್ಲದರ ಮೇಲೆ ನಮ್ಮಪ್ಪ ಗಲ್ಲಾದಿಂದ ಎರಡಿಡ್ಲಿ ಒಂದೊಡೆ ಒಂದ್ ಖಾಲಿ ಬೈಟೂ ಕಾಫೀ ಅಂತ ಎಳೀತಾರೆ. ಅದರೊಳಗೆ ನಾನು ಇಪ್ಪತ್ತೊಂಬತ್ತು ವರ್ಷ ಇದ್ದೆ. ಅಷ್ಟು ಗದ್ದಲದಲ್ಲೂ ನನ್ನ ಮಾತು ನಂಗೆ ಕೇಳ್ತಿತ್ತು. ಇಲ್ಲಿ ಒಂದು ಕುಕ್ಕರ್ ಕೂಗಿದ್ರೆ ನಾನಿಲ್ಲ."

ಆಮೇಲೆ ಹೇಳಿದರು: "ಇನ್ನು ಮೂರು ವಾರಕ್ಕೆ ಆಷಾಢ. ತವರಿಗೆ ಹೋಗ್ಬೇಕಲ್ಲ. ಹೋದ್ರೆ ವಾಪಸ್ ಬರ್ತೀನೋ ಇಲ್ವೋ ಗೊತ್ತಿಲ್ಲ ವನಮಾಲ. ನಿಮ್ಮಣ್ಣಂಗೆ ಹೇಳ್ಬೇಡಿ. ಅವರು ಒಳ್ಳೆಯವರು."

ನಾನು ಅಣ್ಣನಿಗೆ ಹೇಳಲಿಲ್ಲ. ಮಾರನೆಯ ದಿನ ಗಿರಣಿ ನಿಲ್ಲಿಸಿದ ಕೂಡಲೇ ಸೈಕಲ್ ಹತ್ತಿ ಟೀಚರ್ ಹತ್ತಿರ ಹೋದೆ. ಮಹಡಿಗಳಿಂದ ಕೆಳಗೆ ಬಸ್ ಸ್ಟ್ಯಾಂಡು ಕಾಣುವ ಎರಡನೆಯ ಹಂತ ಒಂದು ಬೇಕು, ಅದಕ್ಕೆ ಬಸ್ ಸ್ಟ್ಯಾಂಡಿನಂಥ ಹಾಡು ಬೇಕು, ಆರು ಏಳು ಸದ್ದು ಒಟ್ಟಿಗೆ ಕೇಳಬೇಕು ಎಂದೆ.

"ಮೂರೇ ಇರೋದು," ಎಂದರು ಟೀಚರ್.

"ಗೊತ್ತು ಟೀಚರ್."

ಅವರು ನನ್ನನ್ನು ನೋಡಿದರು, ಎದ್ದು ಗೋಡೆಯ ಸ್ವಿಚ್ಚು ಹಾಕಿದರು. ಮೇಲೆ ಫ್ಯಾನು ತಿರುಗತೊಡಗಿತು. "ಎಷ್ಟು ರೆಕ್ಕೆ?"

"ಮೂರು."

ಫ್ಯಾನು ಜೋರಾಯಿತು. "ಈಗ?"

ಈಗ ರೆಕ್ಕೆಗಳಿರಲಿಲ್ಲ, ದುಂಡಗಿನ ತಟ್ಟೆ ಇತ್ತು. ಟೀಚರ್ ಕಾಗದ ಎಳೆದುಕೊಂಡು ಬರೆಯಲು ಕೂತರು. ಆ ಪೆಟ್ಟಿಗೆ ಸೆಕೆಂಡಿಗೆ ಐವತ್ತು ಸಲ ಸ್ವರ ಬದಲಾಯಿಸಬಲ್ಲದು. ಒಂದೇ ದನಿಯನ್ನು ಸ, ಗ, ಪ ಎಂಬ ಮೂರು ಮನೆಗಳಿಗೆ ಅಷ್ಟು ಬೇಗ ಓಡಾಡಿಸಿದರೆ ಕಿವಿಗೆ ಓಟ ಗೊತ್ತಾಗುವುದಿಲ್ಲ, ಮೂರು ಮನೆಯಲ್ಲೂ ದೀಪ ಉರಿದಂತೆ ಕೇಳುತ್ತದೆ. ಊರಿನ ಲೆಕ್ಕಕ್ಕೆ ಅದು ಒಂದೇ ಸದ್ದು, ಯಾಕೆಂದರೆ ಯಾವ ಗಳಿಗೆಯಲ್ಲಿ ನೋಡಿದರೂ ಅಲ್ಲಿರುವುದು ಒಂದೇ.

ಹೇಳುವಾಗ ಸುಲಭ. ಮೊದಲ ವಾರ ನಾನು ಮಾಡಿದ್ದು ಬಾಯಿ ಮುಕ್ಕಳಿಸಿದಂತೆ ಕೇಳಿತು. ಅತ್ತಿಗೆ ಮಧ್ಯಾಹ್ನದ ಪಾತ್ರೆ ತೊಳೆದು ಬಂದು ನನ್ನ ಪಕ್ಕ ಕೂತು ಕೇಳಿ, "ಇದು ಬಸ್ ಸ್ಟ್ಯಾಂಡ್ ಅಲ್ಲ, ಹಲ್ಲುಜ್ಜೋ ಜಾಗ," ಎಂದರು. ನಾನು ಅಂಕಿ ಬದಲಾಯಿಸಿದೆ. ಸೊಳ್ಳೆಯ ಹಾಗಾಯಿತು. ಮತ್ತೆ ಬದಲಾಯಿಸಿದೆ. ಆರನೆಯ ದಿನವೋ ಏಳನೆಯ ದಿನವೋ, ನಡುವಿನ ಸ್ವರ ಒಂದನ್ನು ಒಂದು ಮನೆ ಕೆಳಗೆ ಇಳಿಸಿ ಕೀ ಒತ್ತಿದಾಗ ಟೀವಿಯೊಳಗಿಂದ ಒಂದು ದೊಡ್ಡ ಬಾಗಿಲು ತೆರೆದಂತೆ ಆಯಿತು. ಅತ್ತಿಗೆ ನನ್ನ ಮೊಣಕೈ ಹಿಡಿದರು. ಇಬ್ಬರೂ ಮಾತಾಡಲಿಲ್ಲ. ಮಾತಾಡಿದರೆ ಎಲ್ಲಿ ಒಂದು ದನಿ ಹೋಗಿಬಿಡುತ್ತದೋ ಎಂಬ ಭಯ.

ಅಲ್ಲಿಂದ ಮುಂದೆ ಹಾಡು ಇಬ್ಬರದೂ ಆಯಿತು. ಒಂದು ದನಿಗೆ ಜನರ ಗುಂಪು, ಒಂದಕ್ಕೆ ಬಸ್ಸಿನ ಇಂಜಿನ್ನು ಮತ್ತು ತಟ್ಟುವ ತಾಳ, ಮೂರನೆಯದಕ್ಕೆ ಕೂಗುಗಳು ಎಂದು ಹಂಚಿಕೊಂಡೆವು. ಕಿವಿ ಅವರದು, ಅಂಕಿ ನನ್ನದು. "ಕಂಡಕ್ಟರ್ ಇಷ್ಟು ನಿಧಾನ ಇಲ್ಲ, ಅವನಿಗೆ ಮುಂದಿನ ಸ್ಟಾಪಲ್ಲಿ ಇನ್ನೊಂದು ಬಸ್ಸು ಹಿಂದಾಕೋ ಚಿಂತೆ ಇರುತ್ತೆ," ಎನ್ನುವರು. "ಸೌತೆಕಾಯಿಯವಳು ಕೊನೇಲಿ ಎಳೀತಾಳೆ, ಸೌತ್ಕಾಯೇ ಅಂತ, ಆ 'ಯೇ' ಮೇಲಕ್ಕೆ ಹೋಗ್ಬೇಕು." ನಾನು ಎರಡಂಕಿ ಏರಿಸುವೆ. "ಇನ್ನೂ." ಎರಡನೆಯ ವಾರದಲ್ಲಿ ನೋಟ್‌ಬುಕ್ಕನ್ನೇ ಕಿತ್ತುಕೊಂಡು ತಾವೇ ಬರೆಯತೊಡಗಿದರು. ಅಂಕಿ ತಪ್ಪಾದರೆ ನಕ್ಕು, "ಇರು, ಇರು, ನಾನೇ ಸರಿ ಮಾಡ್ತೀನಿ, ನೀನು ಕೈ ಹಾಕ್ಬೇಡ," ಎಂದರು. ಅವರು ನನ್ನನ್ನು ನೀನು ಎಂದದ್ದು ಇಬ್ಬರಿಗೂ ಗೊತ್ತಾಗಲು ಎರಡು ದಿನ ಹಿಡಿಯಿತು.

ಅವರಪ್ಪನ ಕೂಗು ಒಂದೇ ಬಾಕಿ ಉಳಿದಿತ್ತು. ಎರಡಿಡ್ಲಿ ಒಂದೊಡೆ. ಅದನ್ನು ಅತ್ತಿಗೆ ಒಬ್ಬರೇ ಕೂತು ಮಾಡಿದರು. ನನ್ನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ.

ಆಷಾಢಕ್ಕೆ ಎರಡು ದಿನ ಮುಂಚಿನ ಭಾನುವಾರ ಇನ್‌ಸ್ಟಿಟ್ಯೂಟಿನಲ್ಲಿ ಆಟ ಹಾಕಿದೆವು. ಬೆಂಚು ಸಾಲದೆ ಜನ ನೆಲದ ಮೇಲೆ ಕೂತಿದ್ದರು. ಅವ್ವ ಮುಂದೆಯೇ ಇದ್ದಳು. ಟೀಚರ್ ಆಡಲು ಕೂತರು. ಮೊದಲ ಹಂತ ಎಲ್ಲರಿಗೂ ಇಷ್ಟವಾಯಿತು, ತಲೆದೂಗಿದರು. ಎರಡನೆಯ ಹಂತದಲ್ಲಿ ಮಹಡಿಗಳ ಕೆಳಗೆ ಬಸ್ಸುಗಳು ಕಂಡವು, ಹಾಡು ಎದ್ದಿತು. ಇಡೀ ಕೋಣೆಯ ಕೈಗಳು ಮೇಲೆ ಬಂದವು, ಬೆರಳು ಮಡಚತೊಡಗಿದವು. ಒಂದು, ಎರಡು, ಮೂರು. ಮೂರಕ್ಕೆ ನಿಲ್ಲಬೇಕಾದ ಬೆರಳುಗಳು ನಿಲ್ಲಲಿಲ್ಲ. ಅವ್ವ ಏಳರವರೆಗೆ ಹೋಗಿ, ತನ್ನ ಕೈಯನ್ನು ತಾನೇ ನೋಡಿಕೊಂಡು, ನಂಬದೆ ಮತ್ತೆ ಮೊದಲಿನಿಂದ ಎಣಿಸಿದಳು. ಆಮೇಲೆ ಯಾರೋ ನಕ್ಕರು. ನಕ್ಕ ಕೂಡಲೇ ಇಂಜಿನ್ನು ಅಡಗಿತು. ಅದಕ್ಕೆ ಇನ್ನೊಬ್ಬರು ನಕ್ಕರು, ಜನರ ಗುಂಪು ಹೋಯಿತು. ಎಲ್ಲರೂ ಸೆರಗು, ಟವೆಲು, ಅಂಗೈ ಸಿಕ್ಕಿದ್ದನ್ನು ಬಾಯಿಗೆ ಒತ್ತಿಕೊಂಡು ನಗು ತಡೆದರು, ಹಾಡು ವಾಪಸ್ ಬಂತು. ಹಂತ ಮುಗಿಯುವವರೆಗೆ ಹೀಗೆ ಹೆಗಲು ಕುಣಿಸುತ್ತ ಕೂತು, ಮುಗಿದ ಮೇಲೆ ಒಟ್ಟಿಗೆ ನಕ್ಕರು. ಅತ್ತಿಗೆ ಬಾಗಿಲ ಹತ್ತಿರ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದರು. ಅದು ನಗುವೋ ಅಳುವೋ ನಾನು ಕೇಳಲಿಲ್ಲ.

ಅವತ್ತು ಸಂಜೆ ಅಣ್ಣ ನನ್ನ ಜೊತೆ ಗಿರಣಿಯ ಕಲ್ಲು ತೊಳೆಯುತ್ತ, "ಅವಳು ಹೇಳಿದ್ಲು. ಬರೋದು ಗೊತ್ತಿಲ್ಲ ಅಂತ," ಎಂದ.

"ನೀನೇನಂದೆ?"

"ಹೋಗಿ ಬಾ ಅಂದೆ." ಕಲ್ಲಿನ ಮೇಲೆ ನೀರು ಹಾಕಿದ. "ಬರದಿದ್ರೆ ನಾನೇ ಹೋಗ್ತೀನಿ. ಲೋಟ ತೊಳೀತೀನಿ. ನಿಂಗೆ ಗಿರಣಿ ಒಬ್ಬಳಿಗೇ ಆಗುತ್ತಾ?"

ಆಗುತ್ತೆ ಎಂದೆ. ಆಗುತ್ತಿರಲಿಲ್ಲ, ಅದು ಅವನಿಗೂ ಗೊತ್ತಿತ್ತು.

ಅತ್ತಿಗೆ ಹೋಗುವಾಗ ಟೀಚರ್ ತಮ್ಮಲ್ಲಿ ಉಳಿದಿದ್ದ ಐದು ಪೆಟ್ಟಿಗೆಗಳಲ್ಲಿ ಒಂದನ್ನೂ ಆಟದ ಕ್ಯಾಸೆಟ್ಟನ್ನೂ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ತಿಂಗಳಿಡೀ ಅವರು ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದರು. ಆದರೆ ಹೋಟೆಲಿನಿಂದ ಮಾಡುತ್ತಿದ್ದುದರಿಂದ ನಮ್ಮ ಕಡೆ ಫೋನು ಎತ್ತಿದ ಕೂಡಲೇ ಅಲ್ಲಿನ ಲೋಟ, ಸೀಟಿ, ಇಂಜಿನ್ನುಗಳು ಮೂರೂ ಜಾಗ ಹಿಡಿದುಬಿಡುತ್ತಿದ್ದವು. ಅತ್ತಿಗೆಯ ದನಿ ಒಮ್ಮೊಮ್ಮೆ ಎರಡು ಪದದಷ್ಟು ತಲೆ ಹಾಕಿ ಹೋಗುತ್ತಿತ್ತು. "...ಚೆನ್ನಾಗಿ..." ಎಂದು ಒಮ್ಮೆ ಕೇಳಿಸಿತು. "...ಬರೋಕೆ..." ಎಂದು ಇನ್ನೊಮ್ಮೆ. ಬರೋಕೆ ಆಗಲ್ಲವೋ, ಬರೋಕೆ ಇಷ್ಟವೋ ಎಂದು ಅವ್ವ, ಅಣ್ಣ, ನಾನು ಮೂವರೂ ಕೂತು ಒಂದು ವಾರ ವಾದ ಮಾಡಿದೆವು.

ಶ್ರಾವಣದ ಮೊದಲ ದಿನ, ಹಿಂದಿನ ರಾತ್ರಿಯ ಬಸ್ಸು ಹಿಡಿದು, ಅಣ್ಣನೂ ನಾನೂ ಕರೆತರಲು ಹೋದೆವು. ಹೋಟೆಲಿನಲ್ಲಿ ಬೆಳಗಿನ ತಿಂಡಿಯ ಹೊತ್ತು. ಗಲ್ಲಾ ಪಕ್ಕದ ಮೇಜಿನ ಮೇಲೆ ನಮ್ಮ ಪೆಟ್ಟಿಗೆ, ಮೇಲೆ ಟೀವಿ. ಬಸ್ಸಿಗೆ ಕಾಯುವವರು ಒಂದು ಕೈಯಲ್ಲಿ ಕಾಫಿ ಹಿಡಿದು ಇನ್ನೊಂದರಲ್ಲಿ ನಾಗಮ್ಮನನ್ನು ಹಾರಿಸುತ್ತಿದ್ದರು. ಅತ್ತಿಗೆ ನಮ್ಮನ್ನು ಕಂಡು ಎದ್ದು ಬಂದರು. ಅಣ್ಣ ಅವರನ್ನು ನೋಡುತ್ತ ನಿಂತ. ಅವರ ಬಾಯಿಯಿಂದ ಮಾತು ಹರಿಯುತ್ತಿತ್ತು, ಬಸ್ಸು ಹೇಗಿತ್ತು, ತಿಂಡಿ ಆಯ್ತಾ, ಅತ್ತೆ ಮಂಡಿನೋವು ಹೇಗಿದೆ, ಅಯ್ಯೋ ಯಾಕೆ ಇಷ್ಟು ಸೊರಗಿದೀರಿ ಎಂದು. ಅಷ್ಟು ಗದ್ದಲದಲ್ಲೂ ಅವರ ಒಂದು ಪದವೂ ಕಳೆಯಲಿಲ್ಲ. ಇವರು ಇಲ್ಲಿಯೇ ಇರಬೇಕಾದವರು ಎಂದು ನನಗೆ ಅನಿಸಿತು. ಅಣ್ಣನಿಗೂ ಹಾಗೇ ಅನಿಸಿರಬೇಕು. ಅವನು ಮೂಲೆಯ ತೊಟ್ಟಿಯಲ್ಲಿದ್ದ ಎಂಜಲು ಲೋಟಗಳ ಕಡೆ ನೋಡುತ್ತಿದ್ದ.

ನಾನು ಟೀವಿಯ ಹತ್ತಿರ ಹೋಗಿ ಬಗ್ಗಿದೆ. ಎರಡನೆಯ ಹಂತ ನಡೆಯುತ್ತಿತ್ತು. ಹಾಡು ಕೇಳಿಸಲಿಲ್ಲ. ದನಿಯನ್ನು ತುದಿಯವರೆಗೆ ತಿರುಗಿಸಿದ್ದರು, ಆದರೂ ಕೇಳಿಸಲಿಲ್ಲ. ನಿಜವಾದ ಕಂಡಕ್ಟರ್ ನಮ್ಮ ಕಂಡಕ್ಟರನನ್ನು ಮುಚ್ಚಿಬಿಟ್ಟಿದ್ದ.

ಅತ್ತಿಗೆ ನನ್ನ ಪಕ್ಕಕ್ಕೆ ಬಂದರು. "ನೋಡಿದ್ಯಾ? ಒಂದು ತಿಂಗಳು. ಆಟ ಎಲ್ಲರೂ ಆಡ್ತಾರೆ, ಚೆನ್ನಾಗಿದೆ ಅಂತಾರೆ, ಹಾಡು ಇದೆ ಅಂತ ಒಬ್ಬರಿಗೂ ಗೊತ್ತಿಲ್ಲ. ನಾನು ಬೆಳಿಗ್ಗೆ ಸಾಯಂಕಾಲ ಆ ಟೀವಿಗೆ ಕಿವಿ ಹಚ್ಚಿ ಕೂತೆ ಮಾಲಾ. ನಮ್ಮಪ್ಪನ ಕೂಗು ಬರೋ ಜಾಗದಲ್ಲಿ ನಮ್ಮಪ್ಪನೇ ಕೂಗ್ತಾರೆ." ಅವರು ನಕ್ಕರು, ಆಮೇಲೆ ಅಣ್ಣನ ಕಡೆ ತಿರುಗಿದರು. "ರೀ, ಫೋನಲ್ಲಿ ಹದಿನೈದು ಸಲ ಹೇಳ್ದೆ, ನೀವು ಒಂದಕ್ಕೂ ಹೂಂ ಅನ್ಲಿಲ್ಲ. ನಂಗೆ ಬರೋಕೆ ಮನಸ್ಸಿದೆ. ಮೂರನೇ ಹಂತಕ್ಕೆ ಏನು ಅಂತ ಯೋಚನೆ ಮಾಡಿಟ್ಟಿದೀನಿ. ಆದ್ರೆ ಒಂದು ಮಾತು, ಮಧ್ಯಾಹ್ನ ದಿನಾ ಒಂದು ಗಂಟೆ ನೀವು ಆ ಹಿಂದಿನ ಕೋಣೆಗೆ ಬಂದು ಕೂತ್ಕೋಬೇಕು, ಏನೂ ಸದ್ದು ಮಾಡ್ಬಾರ್ದು, ನಾನು ಮಾತಾಡ್ತೀನಿ, ನೀವು ಕೇಳ್ಬೇಕು."

"ಎರಡು ಗಂಟೆ," ಎಂದ ಅಣ್ಣ.

ಹೊರಡುವ ಮುಂಚೆ ಚನ್ನವೀರಪ್ಪನವರಿಗೆ ಹಾಡು ಕೇಳಿಸಬೇಕೆಂದು ಅತ್ತಿಗೆ ಪೆಟ್ಟಿಗೆಯನ್ನು ಉಗ್ರಾಣಕ್ಕೆ ಒಯ್ದರು. ಅಕ್ಕಿ ಮೂಟೆಗಳ ನಡುವೆ ಟೀವಿ ಇಟ್ಟು ಬಾಗಿಲು ಹಾಕಿದೆವು. ಹೊರಗಿನ ಗದ್ದಲ ಅರ್ಧ ತಗ್ಗಿತು. ಚನ್ನವೀರಪ್ಪನವರು ಗಲ್ಲಾವನ್ನು ಸಪ್ಲೈಯರ್ ಕೈಗೆ ಬಿಟ್ಟು ಬಂದು, ನಿಂತೇ ಕೇಳಿದರು. ದಪ್ಪಗಿನ ಆಳು, ಬಿಳಿ ಮೀಸೆ. ಅವರ ಗಮನ ಬಾಗಿಲ ಕಡೆಗೇ ಇತ್ತು. ಆಮೇಲೆ ಅತ್ತಿಗೆ ಒಬ್ಬರೇ ಕೂತು ಮಾಡಿದ್ದ ಆ ನಾಲ್ಕು ಸ್ವರ ಬಂದವು. ಏರಿ, ಒಂದು ಕ್ಷಣ ತೂಗಿ, ಉದ್ದಕ್ಕೆ ಇಳಿಯುವವು. ಅವರ ತುಟಿ ಆಡಿತು.

"ಇದು ನಾನಲ್ವಾ?"

"ಹೂಂ ಅಪ್ಪ."

"ಬೈಟೂ ಕಾಫಿ."

"ಹೂಂ."

ಅವರು ಮೂಟೆಯ ಮೇಲೆ ಕೂತರು. ಇನ್ನೊಮ್ಮೆ ಬರಲಿ ಎಂದು ಕಾದರು. ಅಷ್ಟರಲ್ಲಿ ಸಪ್ಲೈಯರ್ ಬಾಗಿಲು ತಟ್ಟಿ, ಚಿಲ್ಲರೆ ಬೇಕು ಎಂದ, ಗದ್ದಲ ಒಳಗೆ ನುಗ್ಗಿತು. ಚನ್ನವೀರಪ್ಪನವರು ಎದ್ದು ಪಂಚೆ ಸರಿ ಮಾಡಿಕೊಂಡು ಹೇಳಿದರು, "ಮೂವತ್ತೊಂದು ವರ್ಷ ಆಯ್ತು, ಬಾಗಿಲು ಹಾಕಿಲ್ಲ. ಒಂದು ಭಾನುವಾರ ಹಾಕ್ತೀನಿ. ಅಲ್ಲಿಗೇ ಬರ್ತೀನಿ. ಪೂರ್ತಿ ಕೇಳ್ಬೇಕು."

ಹೇಳಿದಂತೆ ಬಂದರು. ಭಾದ್ರಪದದ ಒಂದು ಭಾನುವಾರ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಊರಿಗೆಲ್ಲ ಹಂಚುವಷ್ಟು ಮೈಸೂರು ಪಾಕು ಹೊತ್ತುಕೊಂಡು. ಬಸ್ಸಿನಿಂದ ಇಳಿದ ಮೇಲೆ ಅವರು ಎರಡು ಸಲ ಕಿವಿ ಮುಟ್ಟಿ ನೋಡಿಕೊಂಡರು. ದಾರಿಯಲ್ಲಿ ನಮ್ಮವರು ಅವರಿಗೆ ಕೈಸನ್ನೆಯಲ್ಲಿ ನಮಸ್ಕಾರ ಹೇಳಿದರು, ಅವರೂ ಕೈಯೆತ್ತಿದರು. ಇನ್‌ಸ್ಟಿಟ್ಯೂಟಿನಲ್ಲಿ ಮುಂದಿನ ಸಾಲಿನಲ್ಲಿ ಟೀಚರ್ ಕೂರುವ ಕೈಕುರ್ಚಿಯನ್ನೇ ಅವರಿಗೆ ಹಾಕಿದೆವು. ಫ್ಯಾನು ಆರಿಸಿದೆವು. ಅತ್ತಿಗೆ ತಾವೇ ಆಡಲು ಕೂತರು.

ಎರಡನೆಯ ಹಂತ ಬಂತು. 'ಬರ್ಲಿ ಬರ್ಲಿ' ಎಂದು ಬಸ್ಸಿಗೆ ತಟ್ಟುವವನು ಬಂದ, ಸೌತೆಕಾಯಿಯವಳು ಬಂದಳು, ಹೆಂಚಿಗೆ ನೀರು ಚಿಮುಕಿತು. ಚನ್ನವೀರಪ್ಪನವರು ಕೈಗಳನ್ನು ಹೊಟ್ಟೆಯ ಮೇಲೆ ಜೋಡಿಸಿ, ಒಂದೊಂದನ್ನೂ ಗುರುತು ಹಿಡಿದು ತಲೆಯಾಡಿಸಿದರು. ತಮ್ಮ ಕೂಗು ಬಂದಾಗ ಮೀಸೆಯಡಿ ನಕ್ಕರು. ಹಂತ ಮುಗಿದಾಗ ಬೆರಳೆತ್ತಿ ಇನ್ನೊಮ್ಮೆ ಎಂದು ಸನ್ನೆ ಮಾಡಿದರು. ಎರಡನೆಯ ಸಲ ಅರ್ಧದಲ್ಲಿ ಅವರ ಗದ್ದ ಎದೆಗೆ ಇಳಿಯಿತು. ಹಾಗೆ ನಟ್ಟ ನಡು ಮಧ್ಯಾಹ್ನ ಅಪ್ಪ ನಿದ್ದೆ ಹೋದದ್ದನ್ನು ತಾನು ಹುಟ್ಟಿದಂದಿನಿಂದ ನೋಡಿಲ್ಲ ಎಂದು ಅತ್ತಿಗೆ ಆಮೇಲೆ ನನಗೆ ಹೇಳಿದರು.

ಇಡೀ ಕೋಣೆ ಅವರನ್ನೂ ಟೀವಿಯನ್ನೂ ನೋಡುತ್ತ ಕೂತಿತು. ಅತ್ತಿಗೆ ಕೀಗಳಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ನಾಗಮ್ಮ ಹಾರಿದರೆ ತಾಳ ತಪ್ಪುತ್ತದೆ, ತಾಳ ತಪ್ಪಿದರೆ ಅಪ್ಪ ಎದ್ದಾರು. ನಾಗಮ್ಮ ತಾನಿದ್ದ ಮಹಡಿಯ ಮೇಲೆ ಇನ್ನೊಂದು ಹೆಜ್ಜೆಯೂ ಇಡದೆ ನಿಂತಳು. ಎಡಗಡೆಯಿಂದ ಮೋಡ ಬಂತು, ಬಟ್ಟೆಯೆಲ್ಲ ನೆನೆಯಿತು, ಆಟ ಮುಗಿಯಿತು. ಅತ್ತಿಗೆ ಒಂದು ಬೆರಳಿನಿಂದ ಮೆತ್ತಗೆ ಕೀ ಒತ್ತಿ ಅದೇ ಹಂತವನ್ನು ಮತ್ತೆ ಸುರು ಮಾಡಿದರು. ಮತ್ತೆ ಮೋಡ ಬಂತು, ಮತ್ತೆ ನೆನೆಯಿತು, ಮತ್ತೆ ಒತ್ತಿದರು. ಆಡಲು ಸರದಿ ಕಾಯುತ್ತಿದ್ದವರು ಯಾರೂ ಏಳಲಿಲ್ಲ. ಅವ್ವ ಮೈಸೂರು ಪಾಕಿನ ಡಬ್ಬಿಯನ್ನು ಸದ್ದಾಗದಂತೆ ತೆರೆದು ಸಾಲಿನ ಉದ್ದಕ್ಕೂ ದಾಟಿಸಿದಳು.